ಅಮ್ಮನ ಕೊನೆಯ ಸೀಸೆ

ಬಟ್ಟಲುಗಳ ತಳದಲ್ಲೆಲ್ಲ ಬೂದುಬಣ್ಣದ ಬೂಷ್ಟು ಹಬ್ಬಿತ್ತು. ಅಕ್ಕ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಬ್ಲೀಚ್ ತುಂಬಿದ ಬಕೆಟ್ಟಿಗೆ ಇಳಿಸಿದಳು. ತಮ್ಮ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದ.

ಸುಟ್ಟ ಗಾಯಕ್ಕೆ ಹೊದಿಸುವ ಚರ್ಮವನ್ನು ಬಟ್ಟಲಲ್ಲಿ ಬೆಳೆಸುವುದು ಅವರಿಬ್ಬರ ಹೊಸ ಕಂಪನಿಯ ಕೆಲಸ. ಜೀವಕೋಶಗಳ ಪಾಲನೆ ಅಕ್ಕನದು. ಆಸ್ಪತ್ರೆಗಳ ಮೆಟ್ಟಿಲು ಹತ್ತಿಳಿದು ಚಪ್ಪಲಿ ಸವೆಸುವುದು ತಮ್ಮನದು. ಆರಂಭದಲ್ಲಿ ಚರ್ಮ ಕೊಡುವವರು ಯಾರೂ ಸಿಗದಿದ್ದಾಗ ಅಮ್ಮನೇ ತೋಳು ಚಾಚಿದ್ದಳು. “ಹೆತ್ತಿದ್ದೇ ಆಯ್ತು, ಇನ್ನು ಉಗುರಿನಷ್ಟು ತೊಗಲು ದೊಡ್ಡದಾ? ತಗೊಳ್ಳೇ” ಎಂದಿದ್ದಳು. ಆ ಅಮ್ಮ ಈಗಿಲ್ಲ. ಅವಳ ಕೋಶಗಳು ಮಾತ್ರ ಮೊನ್ನೆಯವರೆಗೂ ಇದೇ ಬಟ್ಟಲುಗಳಲ್ಲಿ, ಇನ್‌ಕ್ಯುಬೇಟರಿನ ಹದವಾದ ಶಾಖದಲ್ಲಿ, ಏನೂ ಆಗದವರಂತೆ, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಿದ್ದವು. ಬೇರೆಯವರ ಕೋಶಗಳನ್ನೂ ಬೆಳೆಸಿ ನೋಡಿದ್ದರು. ಯಾವುದೂ ಹಾಗೆ ಕೈಹಿಡಿಯಲಿಲ್ಲ.

“ಎಲ್ಲಾ ಹೋಯ್ತೇನಕ್ಕಾ?”

“ಎಲ್ಲಾ.”

“ಇನ್‌ಕ್ಯುಬೇಟರ್ ಬಾಗಿಲು ಎಷ್ಟು ಸಲ ತೆಗೆದಿದ್ದೆ?”

“ಊಟ ಹಾಕೋಕೆ.” ಕೋಶಗಳಿಗೆ ಪೋಷಕ ದ್ರವ ಬದಲಿಸುವುದನ್ನು ಅವರು ಹಾಗೆನ್ನುತ್ತಿದ್ದರು.

“ಊಟ ದಿನ ಬಿಟ್ಟು ದಿನ. ನೀನು ಬಂದ ತಕ್ಷಣ ಒಂದ್ಸಲ, ಹೊರಡೋ ಮುಂಚೆ ಒಂದ್ಸಲ ತೆಗೀತೀಯ. ಬಾಣಂತಿ ಕೋಣೆಗೆ ಹೀಗೆ ಹೊತ್ತು ಗೊತ್ತು ಇಲ್ಲದೆ ಇಣುಕಿದ್ರೆ ಆಗುತ್ತಾ?”

“ನೋಡ್ಬೇಕು ಅನ್ನಿಸ್ತಿತ್ತು ಕಣೋ.”

ಬಾಗಿಲು ತೆರೆದಷ್ಟೂ ಗಾಳಿ, ಗಾಳಿಯೊಡನೆ ಬೂಷ್ಟು: ಇದು ಹೊಸಬರಿಗೆ ಮೊದಲ ದಿನವೇ ಅಕ್ಕ ಹೇಳಿಕೊಡುತ್ತಿದ್ದ ಪಾಠ.

ಹೆಪ್ಪುಗಟ್ಟಿಸಿಟ್ಟ ಅಮ್ಮನ ಕೋಶಗಳು ಇನ್ನು ಒಂದೇ ಸೀಸೆ ಉಳಿದಿದ್ದವು. ತಿಂಗಳ ಕೊನೆಗೆ ಬೆಳೆದ ಚರ್ಮದ ಹಾಳೆಯನ್ನು ಕಣ್ಣಾರೆ ಕಂಡರಷ್ಟೇ ಮುಂದಿನ ಮಾತು ಎಂದು ಕೊಳ್ಳುವ ಮನಸ್ಸಿದ್ದ ಆಸ್ಪತ್ರೆಯ ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು. ಸೀಸೆಯ ಹೆಪ್ಪನ್ನು ಕರಗಿಸಿದರೆ ಕೋಶಗಳು ಬೆಳೆಯುತ್ತವೆ. ಆದರೆ ಅವು ಎಂದೆಂದಿಗೂ ಇಮ್ಮಡಿಸುವುದಿಲ್ಲ, ಒಂದು ಮಿತಿಗೆ ಬಂದು ನಿಲ್ಲುತ್ತವೆ. ಕರಗಿಸದಿದ್ದರೆ ಅಮ್ಮ ಉಳಿಯುತ್ತಾಳೆ, ಕಂಪನಿ ಉಳಿಯುವುದಿಲ್ಲ.

“ಹಾಗೇ ಇಟ್ಟುಬಿಡೋಣ್ವಾ?” ತಮ್ಮನೇ ಕೇಳಿದ. “ನಾವು ಬೇರೆ ಏನಾದ್ರೂ ಮಾಡ್ಕೊಂಡ್ರಾಯ್ತು.”

ಅಕ್ಕ ಶೈತ್ಯಪೆಟ್ಟಿಗೆಯಿಂದ ಸೀಸೆಯನ್ನು ಹೊರತೆಗೆದಳು.

“ಮುಚ್ಚಿಡೋಕೆ ಕೊಟ್ಟಿದ್ದಲ್ಲ ಕಣೋ ಅವಳು.”

ಬೆಚ್ಚನೆಯ ನೀರಿನಲ್ಲಿ ಸೀಸೆಯ ಹೆಪ್ಪು ಕರಗಿತು. ಕೋಶಗಳನ್ನು ಹೊಸ ಬಟ್ಟಲಿಗೆ ಹುಯ್ದು ಒಳಗಿಟ್ಟಳು. ಇನ್‌ಕ್ಯುಬೇಟರಿಗೆ ಬೀಗ ಹಾಕಿ ಕೀಲಿಯನ್ನು ತಮ್ಮನ ಕೈಗಿತ್ತಳು.

“ಊಟದ ದಿನ ಮಾತ್ರ ಕೊಡು. ಅತ್ತರೂ ಕೊಡಬೇಡ.”

ಮರುದಿನ ಬೆಳಿಗ್ಗೆ ಅವನು ಬಂದಾಗ ಅಕ್ಕ ಆ ಉಕ್ಕಿನ ಬಾಗಿಲಿನ ಮುಂದೆ ಸ್ಟೂಲು ಹಾಕಿಕೊಂಡು ಕುಳಿತಿದ್ದಳು.

“ಕೀಲಿ ಬೇಕಾ?”

“ಬೇಡ. ಇವತ್ತು ಊಟದ ದಿನ ಅಲ್ಲ.”

ತಮ್ಮ ಕೀಲಿಯನ್ನು ಜೇಬಿನಲ್ಲಿ ಇನ್ನಷ್ಟು ಒಳಕ್ಕೆ ತಳ್ಳಿದ. ಆಮೇಲೆ ಮೂಲೆಯಲ್ಲಿದ್ದ ಇನ್ನೊಂದು ಸ್ಟೂಲನ್ನು ಎಳೆದುಕೊಂಡು, ಅವಳ ಪಕ್ಕದಲ್ಲಿ, ಬಾಗಿಲಿಗೆ ಮುಖಮಾಡಿ ಕುಳಿತ.