ಜೋಡಿ ಓಟ

ಸವಣೂರಿನ ನುಜಹತಳಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಹದಿನೈದುನೂರು ಮೀಟರ್ ಓಟದಲ್ಲಿ ಏಷ್ಯಾ ಮಟ್ಟದ ಬೆಳ್ಳಿ ಪದಕ ತಂದ ಮೇಲೆ ಹಾನಗಲ್ಲು, ಶಿಗ್ಗಾಂವಿ ಕಡೆಯ ಶಾಲೆ ಕಾಲೇಜುಗಳವರು ಅವಳನ್ನು ಭಾಷಣಕ್ಕೆ ಕರೆಯತೊಡಗಿದರು. ಅಣ್ಣ ಮುಸ್ತಾಕ ಬೈಕಿನಲ್ಲಿ ಕರೆದೊಯ್ಯುತ್ತಿದ್ದ. "ಮನಸ್ಸು ಮಾಡಿದರೆ ಒಬ್ಬರೇ ಜಗತ್ತು ಗೆಲ್ಲಬಹುದು" ಎಂದು ಅವಳು ಹೇಳಿದಾಗಲೆಲ್ಲ ಜೋರು ಚಪ್ಪಾಳೆ.

ಆದರೆ ಅವಳು ಯಾವತ್ತೂ ಒಬ್ಬಳೇ ಓಡಿದವಳಲ್ಲ. ಹತ್ತಿಮತ್ತೂರಿನ ತನುಜಾ ಪಕ್ಕದಲ್ಲಿ ಓಡುತ್ತಿದ್ದಳು. ಇಬ್ಬರ ಕೈಗಳನ್ನೂ ಗೇಣುದ್ದದ ಪಟ್ಟಿಯೊಂದು ಜೋಡಿಸುತ್ತಿತ್ತು. "ತಿರುವು ಬಂತು", "ಮುಂದ ಒಬ್ಬಾಕಿ ಅದಾಳ, ಹಿಡಿ ಆಕಿನ್ನ" ಎಂದು ತನುಜಾ ಉಸಿರಿನ ನಡುವೆ ಹೇಳುತ್ತಿದ್ದಳು. ಕೊನೆಯ ಗೆರೆ ಬಂದಾಗ ಅರ್ಧ ಹೆಜ್ಜೆ ಹಿಂದೆ ಉಳಿದು ಗೆಳತಿಯನ್ನು ಮುಂದೆ ಬಿಡುತ್ತಿದ್ದಳು.

ಮೂರು ವರ್ಷದ ಹಿಂದೆ ತನುಜಾ ಮದುವೆಯಾಗಿ ಹಿರೇಕೆರೂರು ತಾಲೂಕಿನ ಮಾಸೂರಿಗೆ ಹೋದಳು. ನುಜಹತ ಬೇರೆಯವರ ಜೊತೆ ಓಡಿ ನೋಡಿದಳು. ಅವರೂ ಒಳ್ಳೆಯ ಓಟಗಾರ್ತಿಯರೇ, ಆದರೆ ಹೆಜ್ಜೆ ಕೂಡಲಿಲ್ಲ. ತಂಡದಿಂದ ಹೆಸರು ಹೋಯಿತು, ಭಾಷಣ ಉಳಿಯಿತು. ತನುಜಾಳ ಫೋನು ಮೊದಮೊದಲು ವಾರಕ್ಕೊಮ್ಮೆ ಬರುತ್ತಿತ್ತು, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಅದೂ ಇಲ್ಲ.

ಈ ಜನವರಿಯಲ್ಲಿ ಮಾಸೂರಿನ ಶಾಲೆಯೊಂದರಿಂದ ಕರೆ ಬಂತು. ಹೆಡ್‌ಮಾಸ್ತರರು ಮಾತು ಮುಗಿಸುವ ಮೊದಲೇ ನುಜಹತ, "ಬರ್ತೇನ್ರಿ" ಎಂದಳು.

ತನುಜಾ ಕೇಳಲು ಬಂದೇ ಬರುತ್ತಾಳೆ ಎಂದುಕೊಂಡಿದ್ದಳು. ಬಾಗಿಲ ಕಡೆ ಬಳೆ ಸದ್ದಾದಾಗಲೆಲ್ಲ ಅವಳ ಮಾತು ತಡವರಿಸಿತು. ಭಾಷಣ ಮುಗಿದ ಮೇಲೆ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಅಕ್ಕಾರ, ಓಡುವಾಗ ನಿಮಗ ದಾರಿ ಹೆಂಗ ಗೊತ್ತಾಗ್ತಿತ್ರಿ?"

"ನನಗ ಗೊತ್ತಾಗ್ತಿರಲಿಲ್ಲವ್ವಾ. ತನುಜಾಗ ಗೊತ್ತಾಗ್ತಿತ್ತು. ಆಕಿ ನಿಮ್ಮ ಊರಾಗನ ಅದಾಳ."

ಗುಜುಗುಜು ಎದ್ದಿತು. "ನಮ್ಮ ಓಣಿ ತನುಜಕ್ಕೇನ್ರಿ? ಆಕಿ ಓಡ್ತಿದ್ಲ?" ಎಂದಳು ಹುಡುಗಿ.

ಊರಿಗೇ ಗೊತ್ತಿಲ್ಲ ಎಂಬುದು ನುಜಹತಳ ಎದೆಗೆ ಚುಚ್ಚಿತು. ಆ ಹುಡುಗಿಯೇ ಅವಳನ್ನು ತನುಜಾಳ ಮನೆಗೆ ಕರೆದೊಯ್ದಳು. ಅತ್ತೆ ಸರೋಜವ್ವ, "ಬಾರವ್ವಾ, ಕುಂದ್ರು" ಎಂದರು. ತನುಜಾ ತನ್ನ ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಒಳಗಿಂದ ಬಂದು ಅವಳ ಕೈ ಹಿಡಿದಳು. ಅಂಗೈ ಒರಟಾಗಿತ್ತು.

"ಸಾಲಿಗೆ ಯಾಕ ಬರಲಿಲ್ಲ?"

"ಬಂದಿದ್ನಿ. ಕಾಂಪೌಂಡ್ ಹೊರಗ ನಿಂತು ಎಲ್ಲಾ ಕೇಳಿದ್ನಿ."

"ಒಳಗ ಬರಬಾರದಾಗಿತ್ತೇನ?"

"ನಿನ್ನ ಮಗ್ಗಲಕ ನಿಂತ್ರ ಓಡಬೇಕ ಅನಸ್ತೈತಿ. ಅನಿಸಿದ್ರ ಏನ್ ಮಾಡ್ಲಿ?"

ಸರೋಜವ್ವ ಸೊಸೆಯ ಕಂಕುಳಿಂದ ಕೂಸನ್ನು ಎತ್ತಿಕೊಂಡರು. "ಇದು ನನ್ನ ಕಡೆ ಇರ್ಲಿ. ಇಬ್ರೂ ಕೆರಿ ಏರಿ ಮ್ಯಾಲೆ ಅಡ್ಡಾಡಿ ಬರ್ರಿ."

ಏರಿಯ ಮೇಲೆ ನೀರಿನ ತಂಪು ಗಾಳಿ. ಕೈ ಹಿಡಿದು ನಡೆಯುತ್ತಿದ್ದವರು ಯಾವಾಗ ಓಡತೊಡಗಿದರೋ ಇಬ್ಬರಿಗೂ ತಿಳಿಯಲಿಲ್ಲ. "ಎಡಕ್ಕ ಕಲ್ಲೈತಿ," ಎಂದಳು ತನುಜಾ. ಅದೇ ದನಿ! ನುಜಹತಳ ಕಾಲಿಗೆ ರೆಕ್ಕೆ ಬಂದಂತಾಯಿತು. ಆದರೆ ಪಕ್ಕದ ಉಸಿರು ಬೇಗನೆ ಮೇಲೇರುತ್ತಿತ್ತು. ಸೀರೆಯ ನೆರಿಗೆ ತೊಡರುತ್ತಿತ್ತು. ನುಜಹತ ತನ್ನ ಹೆಜ್ಜೆ ಸಣ್ಣದು ಮಾಡಿದಳು. ಗೆಳತಿಗಾಗಿ ಅವಳು ವೇಗ ತಗ್ಗಿಸಿದ್ದು ಅದೇ ಮೊದಲು.

ತನುಜಾ ನಿಂತು ಏದುಸಿರು ಬಿಟ್ಟಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

"ಮತ್ತ ಓಡಾಕ ಬಾ ಅಂತ ಕೇಳಾಕ ಬಂದಿದ್ನಿ," ಎಂದಳು ನುಜಹತ.

"ಗೊತ್ತೈತಿ. ಈಗ ಆಗೂದಿಲ್ಲ."

"ಅದೂ ಗೊತ್ತಾತು ಬಿಡು."

ಮುಸ್ತಾಕ ಬೈಕು ತಂದು ಏರಿಯ ಕೆಳಗೆ ನಿಲ್ಲಿಸಿದ. ತನುಜಾ ಅವಳನ್ನು ಹಿಂದಿನ ಸೀಟಿಗೆ ಕೂರಿಸಿದಳು. "ಇನ್ ಯಾವಾಗ ಬರ್ತಿ?"

"ನೀ ಕರದ ದಿನ."

ಬೈಕು ಹೊರಟ ಮೇಲೂ ಹಿಂದೆ ಸ್ವಲ್ಪ ದೂರ ಚಪ್ಪಲಿಯ ಸದ್ದು ಓಡೋಡಿ ಬಂತು. ನುಜಹತ ಅತ್ತ ಕಿವಿಕೊಟ್ಟೇ ಕುಳಿತಿದ್ದಳು. ಆಮೇಲೆ ಕೇಳಿಸಿದ್ದು ಗಾಳಿಯೊಂದೇ.