ಶಿವಗಂಗಮ್ಮನ ಬೀಡಿ

ಶಿವಗಂಗಮ್ಮನ ಗಂಡ ಸೋಮಲಿಂಗಪ್ಪನವರು ಜೀವಮಾನದಲ್ಲಿ ಒಂದು ಬೀಡಿ ಸೇದಿದವರಲ್ಲ. ಊದುಬತ್ತಿಯ ಹೊಗೆ ಮೂಗಿಗೆ ಬಡಿದರೂ ಎದ್ದು ಹಿತ್ತಿಲಿಗೆ ಹೋಗುವ ಮನುಷ್ಯ. ಹಾಗಿರುವಾಗ ೨೦೦೩ರ ಆಷಾಢದಲ್ಲಿ, ಎದೆಯ ಫಿಲಂ ತೆಗೆಸಿ ಕೊಟ್ಟ ಮೇಲೆ, ಅವರು ದುಡಿದ ಕಂಪನಿಯಿಂದ ಒಂದು ಇಂಗ್ಲಿಷ್ ಕಾಗದ ಬಂತು. ಅದೇ ಕಂಪನಿಯಲ್ಲಿ ಸ್ಟೋರಿನ ಗುಮಾಸ್ತನಾಗಿದ್ದ ನಂಜುಂಡ ಅದನ್ನು ಓದಿ ಅರ್ಥ ಹೇಳಿದ. "ಈ ಕಾರ್ಮಿಕರ ದಮ್ಮಿಗೆ ದೀರ್ಘಕಾಲದ ಬೀಡಿ ಸೇವನೆಯೇ ಕಾರಣ. ಕಾರ್ಖಾನೆಯ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ನು ಮುಂದಾದರೂ ಬೀಡಿ ಬಿಡತಕ್ಕದ್ದು."

ಶಿವಗಂಗಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಎಲ್ಲಿ ಬಚ್ಚಿಟ್ಟಿದ್ರಿ ಇಷ್ಟು ವರ್ಷ? ದೇವರ ಗೂಡಿನ ಹಿಂದೇನಾ?" ಎಂದು ಗಂಡನನ್ನು ಕೇಳಿದಳು. "ಮೂವತ್ತೆರಡು ವರ್ಷ ಸಂಸಾರ ಮಾಡೀನಿ, ಒಂದು ಬೆಂಕಿಕಡ್ಡಿ ಲೆಕ್ಕ ತಪ್ಪಿಲ್ಲ ನನ್ನ ಮನ್ಯಾಗ. ಭಾಳ ಜಾಣರು ಕಣ್ರೀ ನೀವು."

ಸೋಮಲಿಂಗಪ್ಪ ನಕ್ಕರು. ಆ ನಗು ಅರ್ಧದಲ್ಲೇ ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಕುತ್ತಿಗೆಯ ನರ ಉಬ್ಬಿಸಿಕೊಂಡು, ಅರ್ಧ ಗುಕ್ಕು ಗಾಳಿಗಾಗಿ ಅವರು ಒದ್ದಾಡುವುದನ್ನು ನೋಡಿ ಶಿವಗಂಗಮ್ಮ ಮಾತು ನಿಲ್ಲಿಸಿ ಬಿಸಿನೀರು ತರಲು ಒಳಗೆ ಹೋದಳು.

ಗಂಡ ಹೆಂಡತಿ ಇಬ್ಬರೂ ಹೊಳಲ್ಕೆರೆಯ ಕಡೆಯವರು. ಮದುವೆಯಾದ ವರ್ಷವೇ ಮದರಾಸಿಗೆ ಬಂದು ಎಣ್ಣೂರಿನ ಹತ್ತಿರ ಮನೆ ಹಿಡಿದಿದ್ದರು. ಸೋಮಲಿಂಗಪ್ಪನವರಿಗೆ ಸಿಕ್ಕಿದ್ದು ಮನೆಯ ಮೇಲೆ ಹೊದಿಸುವ ಶೀಟು ಮಾಡುವ ಕಾರ್ಖಾನೆಯ ಕೆಲಸ. ಕಲ್ನಾರಿನ ಚೀಲದ ಬಾಯಿ ಬಿಚ್ಚಿ ಯಂತ್ರಕ್ಕೆ ಸುರಿಯಬೇಕು. ಅಲ್ಲಿ ಯಾರೂ ಅದನ್ನು ಕಲ್ನಾರು ಎನ್ನುತ್ತಿರಲಿಲ್ಲ. ತಮಿಳಿನಲ್ಲಿ ಹತ್ತಿಗೆ ಹೇಳುವಂತೆ 'ಪಂಜು' ಎನ್ನುತ್ತಿದ್ದರು. ಹೆಸರು ಮೆತ್ತಗಿತ್ತು. ನೋಡಲೂ ಮೆತ್ತಗೇ ಇತ್ತು. ಇಪ್ಪತ್ತಾರು ವರ್ಷ ಸೋಮಲಿಂಗಪ್ಪ ಸಂಜೆ ತಲೆಯಿಂದ ಪಾದದವರೆಗೆ ಬೆಳ್ಳಗಾಗಿ ಮನೆಗೆ ಬಂದರು. "ಬಂದ್ರಪ್ಪಾ ಜಂಗಮರು. ಕಂಪನಿಯೋರು ಪುಗಸಟ್ಟೆ ಇಬತ್ತಿ ಬಳಿದು ಕಳಿಸ್ಯಾರೆ" ಎಂದು ಶಿವಗಂಗಮ್ಮ ದಿನಾ ಹಾಸ್ಯ ಮಾಡುತ್ತಿದ್ದಳು. ಆಮೇಲೆ ಆ ಅಂಗಿ ಚಡ್ಡಿಗಳನ್ನು ಹಿತ್ತಿಲಿಗೆ ಒಯ್ದು, ಪಟಪಟ ಕೊಡವಿ, ಒಗೆಯುವ ಕಲ್ಲಿಗೆ ಹಾಕುತ್ತಿದ್ದಳು.

ಬೀಡಿಯ ಕಾಗದ ತಮಗೊಬ್ಬರಿಗೇ ಬಂದದ್ದಲ್ಲ ಎಂಬುದು ಆ ವಾರದೊಳಗೆ ತಿಳಿಯಿತು. ಹನ್ನೊಂದು ಜನಕ್ಕೆ ಬಂದಿತ್ತು, ಹನ್ನೊಂದರಲ್ಲೂ ಅದೇ ಮೂರು ವಾಕ್ಯ. ನಂಜುಂಡನಿಗೂ ಬಂದಿತ್ತು. ಸ್ಟೋರಿನಲ್ಲಿ ಕೂತು ಚೀಲಗಳ ಧೂಳು ಕುಡಿದವನು ಅವನು. "ನಂದರಲ್ಲಿ ಏನೂ ತಪ್ಪಿಲ್ಲಕ್ಕಾ, ನಾನು ಸೇದ್ತಿದ್ದೆ" ಎಂದು ಅವನು ನ್ಯಾಯವಾಗಿ ಒಪ್ಪಿಕೊಂಡ. "ಹನುಮಂತಯ್ಯನೋರ ಕಾಗದ ನೋಡಬೇಕು ನೀವು. ಅವರು ತೀರಿಹೋಗಿ ಎರಡು ತಿಂಗಳಾದ ಮೇಲೆ ಬಂದು, ಇನ್ನು ಮುಂದಾದರೂ ಬೀಡಿ ಬಿಡಿ ಅಂದಿದೆ."

"ಬಿಟ್ಟಿದ್ದಾರೆ ಅಂತ ಉತ್ತರ ಬರೀರಿ" ಎಂದಳು ಶಿವಗಂಗಮ್ಮ.

ಹನ್ನೊಂದು ಮನೆಯವರೂ ಸೇರಿ ಡಾಕ್ಟರ್ ಗುಣವತಿಯವರ ಬಳಿ ಹೋದರು. ಮೈಸೂರಿನ ಕಡೆಯಿಂದ ಕೆಲಸಕ್ಕಾಗಿ ಬಂದು ನೆಲೆಸಿದ್ದ ಆಕೆ ಶನಿವಾರಗಳಂದು ಪುರಸೈವಾಕ್ಕಂನಲ್ಲಿ, ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ, ಎದೆಯ ಕಾಯಿಲೆಯ ಕಾರ್ಮಿಕರನ್ನು ನೋಡುತ್ತಿದ್ದರು. ಸೋಮಲಿಂಗಪ್ಪನವರ ಬೆನ್ನಿಗೆ ಬಹಳ ಹೊತ್ತು ಕಿವಿಗೊಟ್ಟು, "ಇದು ಆಸ್‌ಬೆಸ್ಟೋಸಿಸ್. ಪಂಜು ಶ್ವಾಸಕೋಶದೊಳಗೆ ಕೂತು ಅದನ್ನ ಗಟ್ಟಿ ಮಾಡಿದೆ. ಬೀಡಿಯೋರ ಎದೇಲಿ ಈ ಸದ್ದು ಬರಲ್ಲ" ಎಂದರು. ಲೇಬರ್ ಆಫೀಸಿಗೆ ಅರ್ಜಿ ಹಾಕಿಸಿದ್ದೂ ಅವರೇ. ಶ್ರಾವಣದಲ್ಲಿ ವಿಚಾರಣೆ ಎಂದಾಯಿತು. ಎಲ್ಲರೂ ಹೊಸ ಎಕ್ಸ್‌ರೇ ತೆಗೆಸಿಕೊಂಡು ಬರಬೇಕು, ಬೀಡಿಯ ಕಾಗದಗಳಿಗೆ ಸಹಿ ಹಾಕಿದ್ದ ಕಂಪನಿಯ ಡಾಕ್ಟರು ಕೃಷ್ಣಪ್ರಸಾದ್ ಅದನ್ನು ಅಲ್ಲೇ ನೋಡಿ ಅಭಿಪ್ರಾಯ ಹೇಳಬೇಕು.

ಶಿವಗಂಗಮ್ಮನ ತಲೆಯಲ್ಲಿ ಹುಳ ಹೊಕ್ಕಿದ್ದು ಆಗ.

"ಆ ಡಾಕ್ಟರು ಫಿಲಂ ನೋಡೋದೇ ಇಲ್ಲ ಕಣ್ರೀ" ಎಂದು ಗಂಡನಿಗೆ ಹೇಳಿದಳು. "ನೋಡಿದ್ರೆ ಹನ್ನೊಂದು ಜನಕ್ಕೆ ಒಂದೇ ಬೀಡಿ ಹೆಂಗೆ ಹಂಚ್ತಾರೆ? ನಿಮ್ಮ ಲಕೋಟಿಯೊಳಗೆ ನನ್ನ ಎದೆ ಇಟ್ಟು ಕೊಡೋಣ. ಅದರಾಗೂ ಬೀಡಿ ಕಾಣುತ್ತಾ ನೋಡೇಬಿಡಾನ."

"ಕಳ್ಳತನ ಕಣೇ ಅದು."

"ಕಳ್ಳತನ ಅಲ್ಲ, ಪರೀಕ್ಷೆ. ನಿಮ್ಮದು ನನ್ನ ಚೀಲದಾಗೇ ಇರ್ತದೆ. ಅವರು ಬಾಯಿಬಿಟ್ಟ ತಕ್ಷಣ ತೆಗೆದು ಕೊಡ್ತೀನಿ."

ಸೋಮಲಿಂಗಪ್ಪ ಬೇಡವೆಂದು ತಲೆಯಾಡಿಸಿದರು. ವಾದ ಮಾಡುವಷ್ಟು ಉಸಿರು ಅವರಲ್ಲಿರಲಿಲ್ಲ. ಇದ್ದ ಕಾಲದಲ್ಲಿಯೂ ಗೆದ್ದವರಲ್ಲ.

ಎಕ್ಸ್‌ರೇ ತೆಗೆಯುವವನು ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಲು ಹೇಳಿದ. ಶಿವಗಂಗಮ್ಮ ತಾಳಿ ಬಿಚ್ಚಿಟ್ಟಳು. ಎದೆಯ ಮೇಲಿನ ಬೆಳ್ಳಿ ಕರಡಿಗೆ ಮಾತ್ರ ಕೊಡಲಿಲ್ಲ. "ಅದರೊಳಗೆ ಲಿಂಗ ಐತೆ, ಮೈಬಿಟ್ಟು ಇಳಿಸೋ ಹಂಗಿಲ್ಲ" ಎಂದಳು. ಅವನು ತಮಿಳಿನಲ್ಲಿ ಗೊಣಗಿದ, ಇವಳೂ ತಮಿಳಿನಲ್ಲೇ ಗೊಣಗಿದಳು. ಕೊನೆಗೆ ಕರಡಿಗೆಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು, ಆ ಮುಷ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ನಿಲ್ಲುವುದೆಂದು ರಾಜಿಯಾಯಿತು. ಫಿಲಂನ ಮೂಲೆಯಲ್ಲಿ ನಂಬರು ಮಾತ್ರ ಇತ್ತು. ಹೆಸರು ಇದ್ದದ್ದು ಲಕೋಟೆಯ ಮೇಲೆ. ಮನೆಗೆ ಬಂದು ಎರಡೂ ಫಿಲಂಗಳನ್ನು ಅದಲುಬದಲು ಮಾಡಲು ಅವಳಿಗೆ ಹಪ್ಪಳ ಮಗುಚುವಷ್ಟು ಹೊತ್ತೂ ಹಿಡಿಯಲಿಲ್ಲ. ಗುಣವತಿಯವರಿಗೆ ಹೇಳಲಿಲ್ಲ. ಹೇಳಿದರೆ ಬಯ್ಯುತ್ತಾರೆ ಎಂಬುದು ಗೊತ್ತಿತ್ತು.

ವಿಚಾರಣೆಯ ದಿನ ಲೇಬರ್ ಆಫೀಸರ ಕೋಣೆ ತುಂಬಿತ್ತು. ಮೇಜಿನ ಒಂದು ಬದಿಗೆ ಕಂಪನಿಯ ವಕೀಲರೂ ಡಾಕ್ಟರ್ ಕೃಷ್ಣಪ್ರಸಾದರೂ ಕೂತಿದ್ದರು, ಇನ್ನೊಂದು ಬದಿಗೆ ಗುಣವತಿ. ಗೋಡೆಯುದ್ದಕ್ಕೆ ಹತ್ತು ಜನ ಕೆಮ್ಮುವವರು, ಜೊತೆಗೆ ಹನುಮಂತಯ್ಯನವರ ಮಗ. ಮೊದಲ ಹೆಸರು ಸೋಮಲಿಂಗಪ್ಪನವರದೇ ಬಂತು. ಶಿವಗಂಗಮ್ಮ ಎದ್ದುಹೋಗಿ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಪ್ರಸಾದ ಕೊಡುವಂತೆ ಕೊಟ್ಟಳು.

ಕೃಷ್ಣಪ್ರಸಾದರು ಫಿಲಂ ತೆಗೆದು ಟ್ಯೂಬ್‌ಲೈಟಿಗೆ ಹಿಡಿದರು. ಸಂತೆಯಲ್ಲಿ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವವರೂ ಇನ್ನೊಂದು ಗಳಿಗೆ ನೋಡುತ್ತಾರೆ.

"ಬೀಡಿ" ಎಂದರು ತಮಿಳಿನಲ್ಲಿ. "ಮೂವತ್ತು ವರ್ಷದ ಅಭ್ಯಾಸ. ದಿನಕ್ಕೆ ಎರಡು ಕಟ್ಟಾದರೂ ಸೇದಿರಬೇಕು."

ಆಫೀಸರು ಬರೆದುಕೊಂಡರು. ಅವರು ಬರೆದು ಮುಗಿಸುವವರೆಗೂ ಶಿವಗಂಗಮ್ಮ ಕಾದಳು. ಆಮೇಲೆ ಹೊಳಲ್ಕೆರೆಯ ವಾಸನೆ ಇನ್ನೂ ಹೋಗದ ತನ್ನ ತಮಿಳಿನಲ್ಲಿ, "ಸಾರ್, ಅದು ನಂದು" ಎಂದಳು.

"ಏನಮ್ಮಾ ನಿಮ್ಮದು?"

"ಆ ಎದೆ ನಂದು ಸಾರ್. ಹಂಗಾದ್ರೆ ಬೀಡಿನೂ ನಂದೇ ಇರಬೇಕು. ನಮ್ಮ ಯಜಮಾನರದು ಇಲ್ಲೈತೆ ನೋಡಿ." ಚೀಲದಿಂದ ಇನ್ನೊಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು.

ಗೋಡೆಯ ಬಳಿ ನಂಜುಂಡ ಮೊದಲು ನಕ್ಕ. ಆಮೇಲೆ ಹತ್ತೂ ಜನ ನಕ್ಕು, ಹತ್ತೂ ಜನ ಕೆಮ್ಮಿ, ಒಂದೆರಡು ನಿಮಿಷ ಕೋಣೆಯಲ್ಲಿ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಕಂಪನಿಯ ವಕೀಲರು ಎದ್ದು ನಿಂತು ಇದು ಶುದ್ಧ ಮೋಸ ಎಂದರು.

"ಮೋಸವೇ" ಎಂದರು ಆಫೀಸರು. ಪೆನ್ನಿನ ಹಿಂಬದಿಯನ್ನು ಕಚ್ಚಿ ಹಿಡಿದಿದ್ದರಿಂದ ಅವರು ನಗುತ್ತಿದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. "ಹಾಗೆ ಮಾಡಬಾರದಮ್ಮಾ. ಆದರೆ ಡಾಕ್ಟರೇ, ಹೆಂಗಸಿನ ಎಕ್ಸ್‌ರೇಗೂ ಗಂಡಸಿನ ಎಕ್ಸ್‌ರೇಗೂ ವ್ಯತ್ಯಾಸ ಕಾಣುವುದಿಲ್ಲವೇ?"

ಕೃಷ್ಣಪ್ರಸಾದರು ಕನ್ನಡಕ ತೆಗೆದು ಒರೆಸಿಕೊಂಡರು. ಉತ್ತರ ಕೊಟ್ಟದ್ದು ಗುಣವತಿ. "ಮೊದಲ ವರ್ಷ ಓದುವವರಿಗೂ ಕಾಣುತ್ತೆ ಸಾರ್." ಅವರಿಗೆ ಶಿವಗಂಗಮ್ಮನ ಮೇಲೆ ಸಿಟ್ಟು ಬಂದಿತ್ತು, ಅದರ ಮೇಲೆ ನಗುವೂ ಬಂದಿತ್ತು. ತುಟಿ ಬಿಗಿಹಿಡಿದು, "ಕೊಡಿ ಇಲ್ಲಿ, ಈ ಬೀಡಿ ನಾನೂ ನೋಡ್ತೀನಿ" ಎಂದು ಫಿಲಂ ತೆಗೆದುಕೊಂಡು ಕಿಟಕಿಯ ಬಳಿ ಹೋದರು.

ಅಲ್ಲೇ ನಿಂತರು. ಶಿವಗಂಗಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ತುಟಿಯ ಬಿಗಿ ಸಡಿಲವಾಯಿತು, ಹುಬ್ಬು ಕೂಡಿಕೊಂಡಿತು. ಫಿಲಂ ಒಮ್ಮೆ ಹತ್ತಿರ ಬಂತು, ಒಮ್ಮೆ ದೂರ ಹೋಯಿತು. ಶಿವಗಂಗಮ್ಮನ ಹೊಟ್ಟೆಯೊಳಗಿದ್ದ ನಗು ಸದ್ದಿಲ್ಲದೆ ಇಳಿದುಹೋಯಿತು.

"ನಿಮ್ಮ ಯಜಮಾನರ ಬಟ್ಟೆ ಯಾರು ಒಗೀತಿದ್ರು?" ಎಂದು ಗುಣವತಿ ಕನ್ನಡದಲ್ಲಿ ಕೇಳಿದರು.

"ಇನ್ಯಾರು ಒಗೀತಾರ್ರೀ? ನಾನೇ."

"ಕೊಡವಿ ಒಗೀತಿದ್ರಾ?"

"ಕೊಡವದೇ ಹೆಂಗೆ ನೀರಿಗೆ ಹಾಕಾದು? ಕಲ್ಲೆಲ್ಲ ಸುಣ್ಣ ಆಗಿರ್ತಿತ್ತು."

ಗುಣವತಿ ಆಫೀಸರ ಕಡೆ ತಿರುಗಿ ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಈ ಹೆಂಗಸಿನ ಶ್ವಾಸಕೋಶದ ಹೊರಗಿನ ಪೊರೆಯ ಮೇಲೆ, ಎರಡೂ ಬದಿಗೆ, ಸುಣ್ಣ ಮೆತ್ತಿದಂಥ ಕಲೆಗಳಿವೆ. ಅವು ಬೀಡಿಯಿಂದ ಬರುವುದಿಲ್ಲ, ಕಲ್ನಾರಿನಿಂದ ಬರುತ್ತವೆ. ಈಕೆ ಒಂದು ದಿನವೂ ಕಾರ್ಖಾನೆಯ ಗೇಟು ದಾಟಿದವರಲ್ಲ. ಕಾರ್ಖಾನೆಯೇ ದಿನಾ ಸಂಜೆ ಈಕೆಯ ಹಿತ್ತಿಲಿಗೆ ಬಂದಿದೆ.

ಈ ಸಲ ಯಾರೂ ನಗಲಿಲ್ಲ. ಕೃಷ್ಣಪ್ರಸಾದರು ಕೈಚಾಚಿ ಫಿಲಂ ಕೇಳಿ ಪಡೆದು, ಬಹಳ ಹೊತ್ತು ನೋಡಿದರು.

ಶಿವಗಂಗಮ್ಮ ಬೆಂಚಿಗೆ ಹೋಗಿ ಕೂತಳು. ಒಂದು ವರ್ಷದಿಂದ ಎಲ್ಲೇ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲಬೇಕಾಗುತ್ತಿತ್ತು. ವಯಸ್ಸು, ಮೈ ಬಂದಿದೆ, ಮೊಣಕಾಲು ಎಂದು ತನಗೇ ನೆಪ ಹೇಳಿಕೊಂಡಿದ್ದಳು. ಬೇರೆಯವರಿಗೆಂದು ಹಾಸ್ಯಕ್ಕೆ ಬೀಸಿದ ಕಲ್ಲು ತಿರುಗಿ ಬಂದು ತನ್ನ ಹಣೆಗೇ ಬಡಿದಿತ್ತು. ಭಯಕ್ಕಿಂತ ಮೊದಲು ಅವಳಿಗಾದದ್ದು ನಾಚಿಕೆ.

ಆಫೀಸರು ಕಂಪನಿಯ ಡಾಕ್ಟರ ಅಭಿಪ್ರಾಯವನ್ನು ಪಕ್ಕಕ್ಕಿಟ್ಟು, ಹನ್ನೊಂದು ಪ್ರಕರಣಗಳನ್ನೂ ಹೊರಗಿನ ಮೂವರು ಡಾಕ್ಟರು ಮತ್ತೆ ನೋಡಬೇಕೆಂದು ಬರೆದರು. ನಂಜುಂಡ ಬಂದು "ಗೆದ್ದಿವಿ ಅಕ್ಕಾ" ಎಂದ. ಅವಳು ತಲೆಯಾಡಿಸಿದಳು.

ಬಸ್ಸಿನಲ್ಲಿ ಸೋಮಲಿಂಗಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಎಣ್ಣೂರು ಹತ್ತಿರವಾಗುತ್ತಿದ್ದಂತೆ, ಈ ಕಡೆ ತಿರುಗದೆಯೇ, "ನಾನೇ ತಂದು ಕೊಟ್ಟಂಗಾತು ನಿನಗೆ" ಎಂದರು.

ಅವರ ಹೆಗಲು ಅಲುಗುತ್ತಿದ್ದುದು ಕೆಮ್ಮಿನಿಂದಲ್ಲ ಎಂಬುದು ಅವಳಿಗೆ ಗೊತ್ತಾಯಿತು.

"ಮೂವತ್ತೆರಡು ವರ್ಷದಾಗೆ ಒಂದು ಸಲನಾದ್ರೂ ನೀವಾಗೇ ಒಂದು ಸೀರೆ ಆರಿಸಿ ತಂದಿದ್ರೇನ್ರೀ?" ಎಂದಳು. "ಇಲ್ಲ. ಹೂವು? ಅದೂ ಇಲ್ಲ. ನಿಮ್ಮಷ್ಟಕ್ಕೆ ನೀವು ತಂದಿದ್ದು ಇದೊಂದೇ. ಅದನ್ನೂ ನಾನೇ ಕೊಡವಿ ತಗಂಡೀನಿ. ಸುಮ್ನಿರಿ ಈಗ, ಜನ ನೋಡ್ತಾರೆ."

ಸೋಮಲಿಂಗಪ್ಪ ಅವಳ ಕೈ ಹಿಡಿದುಕೊಂಡರು. ಬಸ್ಸಿನಲ್ಲಿ, ಅಷ್ಟು ಜನರ ನಡುವೆ, ಅದೇ ಮೊದಲು.

ಹೊಸ ಡಾಕ್ಟರುಗಳ ವರದಿ ಬರಲು ಎಂಟು ತಿಂಗಳಾಯಿತು. ಹನ್ನೊಂದರಲ್ಲಿ ಒಂಬತ್ತು ಜನರ ಕಾಯಿಲೆ ಕಾರ್ಖಾನೆಯದೇ ಎಂದು ತೀರ್ಮಾನವಾಯಿತು. ಹನುಮಂತಯ್ಯನವರ ಹೆಸರೂ ಅದರಲ್ಲಿತ್ತು. ಸೋಮಲಿಂಗಪ್ಪನವರ ಔಷಧಿ, ಮನೆಗೆ ಬೇಕಾದ ಆಮ್ಲಜನಕದ ಸಿಲಿಂಡರು ಎಲ್ಲ ಕಂಪನಿಯ ತಲೆಗೆ ಬಂತು. ಹೋದ ಉಸಿರು ಬರಲಿಲ್ಲ. ಶಿವಗಂಗಮ್ಮ ತನ್ನ ಎದೆಗೆಂದು ಹಾಕಿದ್ದ ಅರ್ಜಿ ಮಾತ್ರ ವಾಪಸು ಬಂತು. ಫಾರಮ್ಮಿನಲ್ಲಿ 'ಮಾಡುತ್ತಿದ್ದ ಕೆಲಸ' ಎಂಬಲ್ಲಿ ಅವಳು ನಂಜುಂಡನ ಕೈಲಿ 'ಬಟ್ಟೆ ಒಗೆತ' ಎಂದು ಬರೆಸಿದ್ದಳು. ಹೆಂಡತಿಯರಿಗೆ ಇದರಲ್ಲಿ ಜಾಗವಿಲ್ಲ ಎಂದು ಉತ್ತರ ಬಂದಿತ್ತು. ಅವಳು ಅದನ್ನೇ ಇನ್ನೊಮ್ಮೆ ಬರೆಸಿ ಕಳಿಸಿದಳು. ಆಮೇಲೆ ಮೂರು ತಿಂಗಳಿಗೊಮ್ಮೆ ಕಳಿಸುತ್ತಲೇ ಇದ್ದಳು.

ಗುಣವತಿ ಅವಳಿಗೆ ಹೇಳಿದ್ದು ಇಷ್ಟು. ಈ ಕಲೆ ಹೋಗುವುದಿಲ್ಲ. ಅದರಿಂದಲೇ ಈಗ ಭಯಪಡಬೇಕಾದ್ದೂ ಇಲ್ಲ, ಆದರೆ ವರ್ಷವರ್ಷ ನೋಡಿಸಿಕೊಳ್ಳಬೇಕು. "ನಿಮ್ಮ ಥರಾ ಬಟ್ಟೆ ಒಗೆದೋರು ಇನ್ನೂ ಇದ್ದಾರಲ್ಲ, ಅವರನ್ನೂ ಕರ್ಕೊಂಡು ಬನ್ನಿ."

ಕರೆದರೆ ಯಾರು ಬರುತ್ತಾರೆ? ಮೆತ್ತಗೆ ಕೇಳಿ ನೋಡಿದಳು. ಒಬ್ಬಳಿಗೆ ಅಡುಗೆ, ಒಬ್ಬಳಿಗೆ ಮೊಮ್ಮಗು, ಇನ್ನೊಬ್ಬಳಿಗೆ ಡಾಕ್ಟರೆಂದರೆ ಚಳಿಜ್ವರ. ಶಿವಗಂಗಮ್ಮ ದಾರಿ ಬದಲಿಸಿದಳು. ಪುರಸೈವಾಕ್ಕಂನಲ್ಲಿ ಸ್ಟೀಲು ಪಾತ್ರೆ ಅಗ್ಗವಾಗಿದೆಯಂತೆ, ಶನಿವಾರ ಹೋಗೋಣವೇ ಎಂದಳು. ಆರು ಜನ ಚೀಲ ಹಿಡಿದು ಹೊರಟರು. ಅಂಗಡಿಯ ಮುಂದೆ ನಿಂತು, "ಒಳ್ಳೆ ಮಾಲೆಲ್ಲ ಮೇಲಿಟ್ಟಿದ್ದಾರೆ" ಎಂದು ಮೆಟ್ಟಿಲು ಹತ್ತಿಸಿದಳು. ಮೇಲೆ ಸ್ಟೆತಸ್ಕೋಪು ಹಾಕಿಕೊಂಡ ಗುಣವತಿಯವರನ್ನು ನೋಡಿ ಆರು ಜನವೂ ಅವಳನ್ನು ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಬಯ್ದರು. ಬಯ್ಯುತ್ತಲೇ ಸಾಲಾಗಿ ಕೂತರು. ಅವರಲ್ಲಿ ಇಬ್ಬರ ಎದೆಯಲ್ಲಿ ಕಲೆ ಸಿಕ್ಕಿತು. ಆ ಇಬ್ಬರ ಕೈ ಹಿಡಿದು, ತನ್ನ ಫಿಲಂ ತೋರಿಸಿ, "ನನ್ನದು ನಿಮ್ಮದಕ್ಕಿಂತ ದೊಡ್ಡದು ನೋಡ್ರೇ" ಎಂದು ಶಿವಗಂಗಮ್ಮ ಜಂಬ ಕೊಚ್ಚಿದಳು.

ಕೊನೆಯವರೆಗೂ ಬಲೆಗೆ ಬೀಳದವಳು ನಂಜುಂಡನ ಹೆಂಡತಿ ನಾಗರತ್ನಮ್ಮ. ಪಾತ್ರೆಯ ಕಥೆ ಅವಳಿಗೆ ಮೊದಲೇ ತಿಳಿದುಹೋಗಿತ್ತು. ಅವಳನ್ನು ಕರೆತರಲು ಶಿವಗಂಗಮ್ಮ ಒಂದು ವರ್ಷ ಹೆಣಗಿದಳು. ಒಂದು ಶನಿವಾರ ತನಗೇ ಉಸಿರು ಸಿಕ್ಕಿಕೊಂಡಿದೆ, ಜೊತೆಗೆ ಯಾರೂ ಇಲ್ಲ ಎಂದು ಎದೆ ಹಿಡಿದು ಅವಳ ಜಗುಲಿಯ ಮೇಲೆ ಕೂತುಬಿಟ್ಟಳು. ನಾಗರತ್ನಮ್ಮ ಗಾಬರಿಯಿಂದ ಆಟೋ ಹತ್ತಿಸಿ, ಪಾತ್ರೆ ಅಂಗಡಿಯ ಮಹಡಿಯವರೆಗೂ ತಬ್ಬಿ ಹಿಡಿದು ಕರೆತಂದಳು. ಮೇಲೆ ಬಂದ ಕೂಡಲೇ ಶಿವಗಂಗಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತು, "ಇವರನ್ನ ನೋಡ್ರಿ ಡಾಕ್ಟ್ರೇ" ಎಂದಳು.

ಫಿಲಂ ತೆಗೆಸಿ ಒಂದು ವಾರದ ನಂತರ ಗುಣವತಿ ನಾಗರತ್ನಮ್ಮನನ್ನು ಎದುರಿಗೆ ಕೂರಿಸಿಕೊಂಡರು. "ಏನೂ ಇಲ್ಲ. ಶುದ್ಧವಾಗಿದೆ. ಆರಾಮಾಗಿ ಮನೆಗೆ ಹೋಗಿ."

ನಾಗರತ್ನಮ್ಮನ ಮುಖ ಸಣ್ಣದಾಯಿತು. "ಸರಿಯಾಗಿ ನೋಡಿದ್ರಾ ಡಾಕ್ಟರೇ? ನಾನೂ ಇಪ್ಪತ್ತು ವರ್ಷ ಒಗೆದಿದ್ದೀನಿ. ಇವರಿಗಿಂತ ಚೆನ್ನಾಗೇ ಒಗೆದಿದ್ದೀನಿ."

"ಚೆನ್ನಾಗಿ ಒಗೆದಿದ್ರೆ ನಿಂಗೂ ಬರ್ತಿತ್ತು ಬಿಡೇ" ಎಂದಳು ಶಿವಗಂಗಮ್ಮ. ಬಾಗಿಲ ಬಳಿ ಕೂತಿದ್ದ ಹೆಂಗಸರೆಲ್ಲ ನಕ್ಕರು. ನಾಗರತ್ನಮ್ಮ ಅವಳ ತೋಳಿಗೆ ಬಲವಾಗಿ ಒಮ್ಮೆ ಚಿವುಟಿದಳು, ಆಮೇಲೆ ಅದೇ ತೋಳನ್ನು ಹಿಡಿದು, ಒಂದೊಂದೇ ಮೆಟ್ಟಿಲಿಗೆ ನಿಲ್ಲಿಸಿಕೊಂಡು ಕೆಳಗೆ ಇಳಿಸಿದಳು.