ಹದಿನೇಳನೇ ನಿಯಮ

"ಹದಿನೇಳನೇ ನಿಯಮ ಎಲ್ಲಿಂದ ಬಂತು ಅಮ್ಮಾ?"

ಹೊಸ ಮೇಷ್ಟ್ರು ಎರಡು ಪುಸ್ತಿಕೆಗಳನ್ನು ಟೈಪಮ್ಮನ ಮೇಜಿನ ಮೇಲೆ ಅಕ್ಕಪಕ್ಕ ತೆರೆದಿಟ್ಟು ಕೇಳಿದರು. ಒಂದು, ಮಕ್ಕಳ ಅಣಕು ರಾಷ್ಟ್ರಸಭೆಗೆಂದು ಕೇಂದ್ರ ಸಮಿತಿಯವರು ಎಲ್ಲ ಶಾಲೆಗಳಿಗೂ ಅಚ್ಚು ಹಾಕಿಸಿದ ಮೂಲ ನಿಯಮಾವಳಿ. ಇನ್ನೊಂದು, ಅದನ್ನೇ ನೋಡಿಕೊಂಡು ಶಾಲೆಯ ಆಫೀಸಿನಲ್ಲಿ ಟೈಪಮ್ಮ ವರ್ಷ ವರ್ಷವೂ ಟೈಪ್ ಹೊಡೆದುಕೊಡುವ ಪ್ರತಿ. ಮೂಲದಲ್ಲಿ ನಲವತ್ತು ನಿಯಮಗಳಿದ್ದವು. ಶಾಲೆಯದರಲ್ಲಿ ನಲವತ್ತೊಂದು.

ಈ ಸಭೆ ಅಂದರೆ ಆ ಶಾಲೆಯಲ್ಲಿ ಸಣ್ಣ ಸಂಗತಿಯಲ್ಲ. ಒಂದೊಂದು ಮಗು ಒಂದೊಂದು ದೇಶವಾಗಿ, ಮುಂದೆ ಹೆಸರಿನ ಫಲಕ ಇಟ್ಟುಕೊಂಡು ಕೂರಬೇಕು. 'ನಾನು' ಅನ್ನುವಂತಿಲ್ಲ, 'ನಮ್ಮ ದೇಶ' ಅನ್ನಬೇಕು. ಮಾತಿಗೆ ತೊಂಬತ್ತು ಸೆಕೆಂಡು. ಅಧ್ಯಕ್ಷಸ್ಥಾನದಲ್ಲಿ ಕೂತ ಹುಡುಗ ಮರದ ಸುತ್ತಿಗೆ ಕುಟ್ಟಿದರೆ ಎಂಥ ದೊಡ್ಡ ದೇಶವೂ ಬಾಯಿ ಮುಚ್ಚಿ ಕೂತುಕೊಳ್ಳಬೇಕು. ದೊಡ್ಡವರ ಸಭೆಗಳಲ್ಲೂ ಇಷ್ಟು ಶಿಸ್ತು ಇದ್ದಿದ್ದರೆ ಏನೇನು ಆಗುತ್ತಿತ್ತೋ, ಬಿಡಿ.

"ಹೋದ ವರ್ಷದ ರಾಮಾಯಣ ನೆನಪಿದೆ ತಾನೆ?" ಅಂದರು ಮೇಷ್ಟ್ರು. "ಬೇರೆ ಶಾಲೆಯಿಂದ ಬಂದವರು ಇಪ್ಪತ್ತೆರಡನೇ ನಿಯಮದ ಪ್ರಕಾರ ಉತ್ತರ ಕೊಡೋಕೆ ಅವಕಾಶ ಬೇಕು ಅಂದ್ರು. ನಮ್ಮವರ ಪುಸ್ತಕದ ಇಪ್ಪತ್ತೆರಡರಲ್ಲಿ, ಕುರ್ಚಿ ಎಳೆದು ಸದ್ದು ಮಾಡಬಾರದು ಅಂತ ಇತ್ತು. ಮೋಸ ಮಾಡ್ತಿದ್ದೀರಿ ಅಂತ ಇವರು, ಓದೋಕೆ ಬರಲ್ಲ ಅಂತ ಅವರು. ಮುಕ್ಕಾಲು ಗಂಟೆ ಅದರಲ್ಲೇ ಹೋಯ್ತು. ಹದಿನೇಳರಿಂದ ಆಚೆ ಎಲ್ಲಾ ನಂಬರೂ ಒಂದೊಂದು ಮುಂದಕ್ಕೆ ಸರಿದಿದೆ, ನೋಡಿ."

ಟೈಪಮ್ಮ ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ, ಅವಳಿಗೆ ಅದು ಬಾಯಿಪಾಠ. 'ನಿಯಮ ೧೭: ಪ್ರತಿನಿಧಿಯು ನೀರು ಕುಡಿಯುವಾಗ ಗಡಿಯಾರವನ್ನು ನಿಲ್ಲಿಸತಕ್ಕದ್ದು.'

"ಹಳೇ ಪ್ರತೀಲಿ ಹಾಗೇ ಇತ್ತು ಸಾರ್," ಅಂದುಬಿಟ್ಟಳು.

"ಹಾಗಾದ್ರೆ ಹಳೇ ಪ್ರತಿಗಳನ್ನ ಹುಡುಕ್ತೀನಿ. ಯಾರು ಸೇರಿಸಿದ್ದು ಅಂತ ಗೊತ್ತಾಗ್ಲಿ," ಅಂದು ಮೇಷ್ಟ್ರು ಹೊರಟರು. ಸಭೆ ಶನಿವಾರ ಇತ್ತು. ಅಂದು ಬುಧವಾರ.

ಯಾರು ಸೇರಿಸಿದ್ದು ಅನ್ನುವುದು ಗೊತ್ತಿದ್ದದ್ದು ಟೈಪಮ್ಮನಿಗೆ ಒಬ್ಬಳಿಗೇ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವಳದು ಒಂದೇ ಹಠ, ಕೊಟ್ಟದ್ದನ್ನು ಕೊಟ್ಟ ಹಾಗೆ ಹೊಡೆಯುವುದು. ಹಿಂದೊಮ್ಮೆ ಹೆಡ್ಮಾಸ್ಟರು ಅವಸರದಲ್ಲಿ ಫೆಬ್ರವರಿ ಮೂವತ್ತಕ್ಕೆ ಪೋಷಕರ ಸಭೆ ಅಂತ ಬರೆದುಕೊಟ್ಟಿದ್ದರು. ಅದನ್ನೂ ಹಾಗೇ ಹೊಡೆದು ಮುನ್ನೂರು ಪ್ರತಿ ತೆಗೆದು ಹಂಚಿದ ಪುಣ್ಯಾತ್ಗಿತ್ತಿ ಇವಳು. "ತಿದ್ದೋದು ನನ್ನ ಕೆಲಸ ಅಲ್ಲ ಸಾರ್" ಅಂತ ಅವರ ಮುಖಕ್ಕೇ ಹೇಳಿದ್ದಳು. ಅಂಥವಳು ಇಡೀ ಜನ್ಮದಲ್ಲಿ ಸ್ವಂತದ್ದು ಅಂತ ಹೊಡೆದದ್ದು ಆ ಒಂದು ಸಾಲು. ನಿವೃತ್ತಿಗೆ ಇನ್ನು ಎರಡೇ ತಿಂಗಳಿರುವಾಗ ಅದು ಎದ್ದು ಕೂತಿತ್ತು.

ಹತ್ತೊಂಬತ್ತು ವರ್ಷದ ಹಿಂದೆ ಅವಳ ಮಗಳೂ ಅದೇ ಶಾಲೆಯಲ್ಲಿದ್ದಳು. ಆ ವರ್ಷದ ಸಭೆಯಲ್ಲಿ ಯಾವುದೋ ಮರುಭೂಮಿಯ ದೇಶವಾಗಿ ಎದ್ದು ನಿಂತಿದ್ದಳು. ಟೈಪಮ್ಮ ಸಭಾಂಗಣದ ಕಿಟಕಿಯ ಹೊರಗೆ ನಿಂತು, ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಮಗಳು ಮೂರು ವಾಕ್ಯ ಚೆನ್ನಾಗಿಯೇ ಹೇಳಿದಳು. ಆಮೇಲೆ ಮಾತು ನಿಂತಿತು. ಲೋಟ ಎತ್ತಿ ನೀರು ಕುಡಿಯತೊಡಗಿದಳು. ಗಡಿಯಾರ ಮಾತ್ರ ಓಡುತ್ತಲೇ ಇತ್ತು. ಲೋಟ ಕೆಳಗಿಡುವ ಹೊತ್ತಿಗೆ ಸುತ್ತಿಗೆ ಬಿತ್ತು, ಹುಡುಗಿ ಕೂತುಬಿಟ್ಟಳು. ಬಾಯಾರಿದ ಮಗುವಿಗೆ ನೀರು ಕುಡಿಯೋಕೂ ಬಿಡದ ಇದೆಂಥ ಸಭೆ ಅಂತ ತಾಯಿಯ ಹೊಟ್ಟೆ ಉರಿದುಹೋಯಿತು. ಮುಂದಿನ ವರ್ಷ ಹದಿನಾರನೇ ನಿಯಮ ಹೊಡೆದು ಮುಗಿಸಿದ ಬೆರಳುಗಳು ತಾವಾಗಿಯೇ ಹದಿನೇಳನ್ನೂ ಹೊಡೆದವು. ಯಾರಿಗೂ ಅನುಮಾನ ಬರದಿರಲಿ ಅಂತ ಕೊನೆಗೊಂದು 'ತಕ್ಕದ್ದು' ಸೇರಿಸಿದಳು. ಯಾರಿಗೂ ಬರಲಿಲ್ಲ.

ಆ ಮಗಳು ಈಗ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾಳೆ. ಸಂಜೆ ಕೆಲಸ ಮುಗಿಸಿ ಅಮ್ಮನನ್ನು ಅದೇ ಕಾರಿನಲ್ಲಿ ಮನೆಗೆ ಕರೆದೊಯ್ಯುವುದು ರೂಢಿ. ಕಲಿಸುವ ಕಾರಾದ್ದರಿಂದ ಪಕ್ಕದ ಸೀಟಿನವರ ಕಾಲಡಿಗೂ ಒಂದು ಬ್ರೇಕ್ ಇತ್ತು. ಅದಕ್ಕೆ ಕಾಲು ತಾಗಿಸಬೇಡ ಅಂತ ಅಮ್ಮನಿಗೆ ದಿನಾ ಹೇಳುವುದೂ ರೂಢಿಯೇ.

ಅಂದು ಸಂಜೆ ಟೈಪಮ್ಮ ಮೊದಲ ಸಿಗ್ನಲ್ ದಾಟುವಷ್ಟರಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ಮಗಳು ಕೇಳಿಸಿಕೊಂಡು ಗೇರ್ ಬದಲಿಸಿದಳು.

"ಅಮ್ಮಾ, ನನಗೆ ಅವತ್ತು ಬಾಯಾರಿಕೆಯೇ ಆಗಿರ್ಲಿಲ್ಲ."

"ಏನೇ ಹಾಗಂದ್ರೆ?"

"ಭಾಷಣ ಮರೆತುಹೋಯ್ತು. ನಾಲ್ಕನೇ ವಾಕ್ಯ ಏನು ಅಂತ ತಲೆಗೆ ಬರ್ಲೇ ಇಲ್ಲ. ಲೋಟ ಕಣ್ಣಿಗೆ ಬಿತ್ತು, ಎತ್ಕೊಂಡೆ. ಟೈಮ್ ಮುಗೀಲಿ ಅಂತ ಬೇಕಂತಲೇ ಗುಟುಕು ಗುಟುಕಾಗಿ ಕುಡೀತಾ ನಿಂತೆ. ಸುತ್ತಿಗೆ ಬಿದ್ದಾಗ ಹೋದ ಜೀವ ಬಂದ ಹಾಗಾಯ್ತು."

ಟೈಪಮ್ಮನ ಕಾಲು ತನಗೆ ತಾನೇ ಬ್ರೇಕಿನ ಮೇಲೆ ಬಿತ್ತು. ಕಾರು ನಟ್ಟನಡು ರಸ್ತೆಯಲ್ಲಿ ಗಕ್ಕನೆ ನಿಂತಿತು. ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರ್ನ್ ಬಾರಿಸಿದವು.

"ಕಾಲು ತೆಗಿ ಅಮ್ಮಾ," ಅಂದಳು ಮಗಳು, ದಿನಕ್ಕೆ ಇಪ್ಪತ್ತು ಜನಕ್ಕೆ ಹೇಳಿ ಅಭ್ಯಾಸವಾದ ದನಿಯಲ್ಲಿ. ಕಾರು ಹೊರಟ ಮೇಲೆ, "ಅವತ್ತೇ ನಿನ್ನ ನಿಯಮ ಇದ್ದಿದ್ರೆ ನನ್ನ ಕಥೆ ಮುಗೀತಿತ್ತು," ಅಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅದಾದ ಮೇಲೆ ನಾನು ಯಾವ ಸಭೇಲೂ ಎದ್ದು ನಿಂತಿಲ್ಲ, ಅದು ಬೇರೆ," ಅಂದಳು.

ಮರುದಿನ ಬೆಳಿಗ್ಗೆ ಟೈಪಮ್ಮ ಸ್ಟಾಫ್ ರೂಮಿಗೆ ಹೋದಳು. ಮೇಷ್ಟ್ರು ಧೂಳು ಹಿಡಿದ ಹಳೆಯ ಪ್ರತಿಗಳ ನಡುವೆ ಕೂತಿದ್ದರು. ಅವರ ಮುಂದೆ ನಿಂತು ಒಂದೇ ಉಸಿರಿಗೆ ಎಲ್ಲ ಒಪ್ಪಿಕೊಂಡಳು. ಕ್ರಮ ತಗೊಳ್ಳೋದಿದ್ರೆ ತಗೊಳ್ಳಿ, ಹೆಡ್ಮಾಸ್ಟರಿಗೆ ನಾನೇ ಬರೆದುಕೊಡ್ತೀನಿ ಅಂದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಹದಿನೆಂಟು ವರ್ಷ ಯಾರೂ ಗಮನಿಸ್ಲಿಲ್ವಾ?"

"ಪೂರ್ತಿ ಓದಿದವರಲ್ಲಿ ನೀವೇ ಮೊದಲನೆಯವರು ಸಾರ್."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. "ಹೋಗ್ಲಿ, ಆ ಸಾಲು ತೆಗೆದು ನಂಬರ್ ಸರಿ ಮಾಡ್ಕೊಡಿ. ಬರೆದುಕೊಡೋದೆಲ್ಲ ಏನೂ ಬೇಡ," ಅಂದರು. ಟೈಪಮ್ಮ ಅಂದೇ ನಲವತ್ತು ನಿಯಮಗಳನ್ನೂ ಹೊಸದಾಗಿ ಹೊಡೆದಳು, ಕೊಟ್ಟದ್ದನ್ನು ಕೊಟ್ಟ ಹಾಗೆ. ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ಇಷ್ಟು ವರ್ಷ ಯಾರಿಗೋ ಉಪಕಾರ ಮಾಡಿದೆ ಅಂದುಕೊಂಡಿದ್ದದ್ದು ಬರೀ ಅಧಿಕಪ್ರಸಂಗವೇ ಆಗಿತ್ತೇನೋ ಅನ್ನುವ ಸಂಕಟ ಒಳಗೇ ಕೊರೆಯುತ್ತಿತ್ತು.

ಶನಿವಾರ ಮಗಳು ಅವಳನ್ನು ಶಾಲೆಗೆ ಬಿಟ್ಟವಳು ಹಾಗೇ ಹೊರಟುಹೋಗಲಿಲ್ಲ. ಐದು ನಿಮಿಷ ಅಂತ ಹೇಳಿ ಸಭಾಂಗಣದ ಹಿಂದುಗಡೆ ಅಮ್ಮನ ಜೊತೆ ನಿಂತಳು. ಕುಡಿಯುವ ನೀರಿನ ಮೇಲೆ ಚರ್ಚೆ ನಡೆದಿತ್ತು. ಇಪ್ಪತ್ತೆರಡನೇ ನಿಯಮ ಅಂದರೆ ಎಲ್ಲರ ಪುಸ್ತಕದಲ್ಲೂ ಇಪ್ಪತ್ತೆರಡೇ ಇತ್ತು. ಮೇಷ್ಟ್ರು ಗೋಡೆಗೊರಗಿ ನೆಮ್ಮದಿಯಾಗಿ ಕೈಕಟ್ಟಿ ನಿಂತಿದ್ದರು.

ಆಗ ಒಂದು ಪುಟ್ಟ ದ್ವೀಪದ ಸರದಿ ಬಂತು. ಎಂಟನೇ ತರಗತಿಯ ಹುಡುಗಿ, ಅವಳಿಗಿದು ಮೊದಲ ಸಭೆ. ಎದ್ದು ನಿಂತಾಗ ಮುಂದಿದ್ದ ಫಲಕಕ್ಕಿಂತ ಅಷ್ಟೇನೂ ಎತ್ತರ ಕಾಣಲಿಲ್ಲ. "ನಮ್ಮ ದೇಶದ ಸುತ್ತ ನೀರಿದೆ, ಕುಡಿಯೋಕೆ ಇಲ್ಲ," ಅಂದಳು. ಸಭೆ ತಲೆಯೆತ್ತಿ ನೋಡಿತು. ಇನ್ನೆರಡು ವಾಕ್ಯ ಹೇಳಿದಳು. ಆಮೇಲೆ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಹುಡುಗಿ ಲೋಟ ಎತ್ತಿಕೊಂಡಳು.

ಗಡಿಯಾರ ನೋಡಿಕೊಳ್ಳುತ್ತಿದ್ದ ಎರಡು ಜಡೆಯ ಹುಡುಗಿ ಮೂರು ವರ್ಷದ ಅಭ್ಯಾಸದಂತೆ ಟಕ್ ಅಂತ ಗುಂಡಿ ಒತ್ತಿದಳು. ಐವತ್ತೆರಡು ಸೆಕೆಂಡು ಉಳಿದಿರುವಾಗ ಗಡಿಯಾರ ನಿಂತಿತು.

"ಕ್ರಿಯಾಲೋಪ, ಅಧ್ಯಕ್ಷರೇ," ಅಂತ ಹೊರಗಿನ ಶಾಲೆಯ ಹುಡುಗನೊಬ್ಬ ಫಲಕ ಎತ್ತಿದ. "ಯಾವ ನಿಯಮದ ಪ್ರಕಾರ ಗಡಿಯಾರ ನಿಲ್ಲಿಸಿದ್ದು?"

ಎರಡು ಜಡೆಯವಳು "ಹದಿನೇಳು" ಅಂದಳು. ಅಧ್ಯಕ್ಷ ಪುಟ ತಿರುಗಿಸಿದ. ಹಿಂದೆ ತಿರುಗಿಸಿದ, ಮುಂದೆ ತಿರುಗಿಸಿದ. ಅಲ್ಲಿ ಅಂಥದ್ದೇನೂ ಇರಲಿಲ್ಲ. "ನಾನಲ್ಲ ಸಾರ್, ಅದನ್ನ ತೆಗೆದಿದ್ದೀನಿ," ಅಂತ ಟೈಪಮ್ಮ ಮೇಷ್ಟ್ರ ಕಡೆ ಪಿಸುಗುಟ್ಟಿದಳು.

"ಗೊತ್ತು, ಸುಮ್ನಿರಿ," ಅಂದರು ಮೇಷ್ಟ್ರು. ಅವರ ಕಟ್ಟಿದ ಕೈ ಬಿಚ್ಚಿಕೊಂಡಿತ್ತು.

ಅಧ್ಯಕ್ಷನಿಗೆ ಮೀಸೆ ಆಗತಾನೆ ಚಿಗುರುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡ. "ಪುಸ್ತಕದಲ್ಲಿ ಇಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಅಧ್ಯಕ್ಷರು ತೀರ್ಮಾನಿಸಬಹುದು ಅಂತ ನಿಯಮ ನಲವತ್ತು ಹೇಳುತ್ತೆ. ಪ್ರತಿನಿಧಿ ನೀರು ಕುಡಿಯೋ ತನಕ ಗಡಿಯಾರ ನಿಂತಿರಲಿ."

"ಈ ತೀರ್ಮಾನದ ಮೇಲೆ ನಮ್ಮ ದೇಶದ ಮೇಲ್ಮನವಿ ಇದೆ," ಅಂದ ಆ ಹುಡುಗನೂ ಬಿಡದೆ. ಅದಕ್ಕೂ ನಿಯಮವಿತ್ತು. ಮತಕ್ಕೆ ಹಾಕಬೇಕು, ಮೂರನೇ ಎರಡರಷ್ಟು ಜನ ಬೇಡ ಅಂದರೆ ತೀರ್ಮಾನ ಬಿದ್ದುಹೋಗುತ್ತದೆ.

"ತೀರ್ಮಾನ ಬೇಡ ಅನ್ನುವ ದೇಶಗಳು ಫಲಕ ಎತ್ತಬಹುದು," ಅಂದ ಅಧ್ಯಕ್ಷ.

ಆ ಹುಡುಗನ ಫಲಕ ಮೇಲೇರಿತು. ಅವನು ಬಲಕ್ಕೆ ನೋಡಿದ. ಎಡಕ್ಕೆ ನೋಡಿದ. ಅವನದೇ ಶಾಲೆಯ ಹುಡುಗಿ ತನ್ನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದಳು, ಫಲಕ ಮುಟ್ಟಲಿಲ್ಲ. ಬೇರೆ ಯಾರೂ ಮುಟ್ಟಲಿಲ್ಲ. ಹುಡುಗ ತನ್ನದನ್ನೂ ಮೆಲ್ಲಗೆ ಇಳಿಸಿ, ದ್ವೀಪದ ಕಡೆ ತಲೆಬಾಗಿ ಕೂತುಕೊಂಡ.

ಟೈಪಮ್ಮನಿಗೆ ಕಣ್ಣು ತುಂಬಿ ಬಂತು. ತನ್ನ ಸಾಲನ್ನು ತಾನೇ ಅಳಿಸಿದ ಮೇಲೂ ಈ ಮಕ್ಕಳು ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಇನ್ನೇನು ಬೇಕು ಅಂದುಕೊಳ್ಳುವಷ್ಟರಲ್ಲಿ ಮಗಳು ಅವಳ ತೋಳು ಹಿಡಿದುಕೊಂಡಳು.

"ಅಮ್ಮಾ, ಅವಳಿಗೆ ಬಾಯಾರಿಲ್ಲ. ನೋಡು, ಬೇಕಂತಲೇ ಕುಡೀತಿದ್ದಾಳೆ."

ಟೈಪಮ್ಮ ನೋಡಿದಳು. ಇಷ್ಟೆಲ್ಲ ಗಲಾಟೆ ನಡೆದರೂ ಹುಡುಗಿ ಲೋಟವನ್ನು ತುಟಿಯಿಂದ ಇಳಿಸಿರಲಿಲ್ಲ. ಗುಟುಕು ಗುಟುಕಾಗಿ ಕುಡಿಯುತ್ತಾ, ಲೋಟದ ಅಂಚಿನ ಮೇಲಿಂದ ಗಡಿಯಾರವನ್ನು ನೋಡುತ್ತಿದ್ದಳು. ಗಡಿಯಾರ ಐವತ್ತೆರಡರಲ್ಲೇ ನಿಂತಿತ್ತು.

"ಅಯ್ಯೋ ದೇವರೇ, ಈಗೇನೇ ಮಾಡೋದು?"

ಹುಡುಗಿ ಕೊನೆಯ ಗುಟುಕನ್ನೂ ಕುಡಿದಳು. ಖಾಲಿ ಲೋಟವನ್ನು ಇನ್ನೊಮ್ಮೆ ಎತ್ತಿ ನೋಡಿದಳು, ಅದರಲ್ಲಿ ಏನೂ ಉಳಿದಿರಲಿಲ್ಲ. ಇಡೀ ಸಭೆ ಅವಸರವಿಲ್ಲದೆ ಅವಳಿಗಾಗಿ ಕಾಯುತ್ತಿತ್ತು. ಲೋಟ ಕೆಳಗಿಟ್ಟಳು. ಕೈಯಲ್ಲಿದ್ದ ಚೀಟಿಯನ್ನು ಒಮ್ಮೆ ನೋಡಿ, ಅದನ್ನೂ ಕೆಳಗಿಟ್ಟಳು.

"ನಮ್ಮ ದೇಶಕ್ಕೆ ಮುಂದಿನ ಮಾತು ಮರೆತುಹೋಗಿದೆ," ಅಂದಳು. "ಆದರೂ ಹೇಳ್ತೀನಿ."

'ಹೇಳ್ತೀನಿ' ಅಂದದ್ದರಲ್ಲಿ 'ನಾನು' ಅಡಗಿತ್ತು, ಅದು ನಿಯಮಕ್ಕೆ ವಿರುದ್ಧ, ಆದರೆ ಯಾವ ಫಲಕವೂ ಏಳಲಿಲ್ಲ. ಎರಡು ಜಡೆಯವಳು ಗುಂಡಿ ಒತ್ತಿದಳು. ಗಡಿಯಾರ ಐವತ್ತೊಂದಕ್ಕೆ ಇಳಿಯಿತು, ಐವತ್ತಕ್ಕೆ ಇಳಿಯಿತು. ಹುಡುಗಿ ತಡವರಿಸುತ್ತಾ ಮಾತಾಡತೊಡಗಿದಳು. ಹಿಂದೆ ನಿಂತಿದ್ದ ಮೂವತ್ತನಾಲ್ಕು ವರ್ಷದ ಮಗಳು, ಗಡಿಯಾರ ಸೊನ್ನೆಗೆ ಬರುವ ತನಕ, ಅಮ್ಮನ ತೋಳು ಬಿಡಲಿಲ್ಲ.